ಬೀಗರಿಗಿಂತ ಒಂದು ಸೈಜು ದೊಡ್ಡದು

ನಮ್ಮಕ್ಕನ ಪ್ರಕಾರ ಈ ಲೋಕದಲ್ಲಿ ಸರಿಯಾಗಿ ಗಾಡಿ ಓಡಿಸುವವರು ಒಬ್ಬರೇ, ಅದು ಅವಳು. ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಅವಳು ಡ್ರೈವಿಂಗ್ ಸ್ಕೂಲು ತೆರೆದಳು, ಮಗಳನ್ನು ಓದಿಸಿ ಮದುವೆ ಮಾಡಿದಳು, ಮನೆಯ ಮೇಲೊಂದು ಮನೆ ಎಬ್ಬಿಸಿದಳು. ಕೆಳಗಿನ ಮುಂಭಾಗದ ಕೋಣೆಯೇ ಸ್ಕೂಲಿನ ಆಫೀಸು. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಮೇಜಿನ ಮೇಲೆ ಯಾವುದೋ ಗುಜರಿ ಕಾರಿನಿಂದ ಕಿತ್ತು ತಂದ ಸ್ಟೀರಿಂಗು, ಮೂಲೆಯಲ್ಲಿ ನಾನು. ನಾನು ಅವಳ ತಂಗಿ. ಫೋನು ಎತ್ತುವುದು, ಯಾರಿಗೆ ಯಾವ ಹೊತ್ತಿಗೆ ಪಾಠವೆಂದು ಹೇಳುವುದು ನನ್ನ ಕೆಲಸ. ಅದಕ್ಕಿಂತ ದೊಡ್ಡ ಕೆಲಸ, ಪಾಠ ಮುಗಿಸಿ ಕಣ್ಣೊರೆಸಿಕೊಂಡು ಬರುವವರಿಗೆ ನೀರು ಕೊಟ್ಟು, ನಾಳೆಯೂ ಬನ್ನಿ ಎಂದು ಸಮಾಧಾನ ಹೇಳಿ ಕಳಿಸುವುದು.

ಅಕ್ಕನ ಬಾಯಿ ಅಂಥದ್ದು. ಪಾಠ ಹೇಳುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲೆ ಬಲಗಾಲಿಟ್ಟು, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಕೂತಳೆಂದರೆ ಡಾಕ್ಟರು, ವಕೀಲರು ಯಾರಾದರೂ ಅವಳಿಗೆ ಒಂದೇ. ಒಬ್ಬ ಹಲ್ಲಿನ ಡಾಕ್ಟರಿಗೆ, "ಗೇರು ಅದು, ಹಲ್ಲಲ್ಲ. ಕೀಳಬೇಡಿ" ಎಂದಿದ್ದಳು. ಬ್ಯಾಂಕಿನ ಕ್ಯಾಷಿಯರ್ ಒಬ್ಬಳಿದ್ದಳು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವಳು. ಅವಳಿಗಂತೂ ಹೆಸರೇ ಇರಲಿಲ್ಲ, ಅಕ್ಕ ಗೋಣಿಚೀಲ ಎಂದೇ ಕರೆಯುತ್ತಿದ್ದಳು. "ಗೋಣಿಚೀಲ ಕೂತ ಹಾಗೆ ಕೂತ್ರೆ ಕಾರು ಹೋಗುತ್ತಾ? ಮುಂದೆ ನೋಡಮ್ಮ. ಕಣ್ಣು ಎಲ್ಲಿ ಹೋಗುತ್ತೋ ಗಾಡಿ ಅಲ್ಲಿಗೇ ಹೋಗುತ್ತೆ." ಇಷ್ಟಾದರೂ ಜನ ಬರುತ್ತಿದ್ದರು. ನಮ್ಮಕ್ಕನ ಬೈಗುಳ ತಡೆದುಕೊಂಡವರಿಗೆ ಹಿಂದಿನಿಂದ ಲಾರಿ ಹಾರ್ನ್ ಹೊಡೆದರೂ ಎದೆ ನಡುಗುವುದಿಲ್ಲ ಎಂಬ ಮಾತು ಊರಲ್ಲಿತ್ತು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಬ್ರೇಕಮ್ಮ ಎನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು. ಬೇಸರವೇನಿರಲಿಲ್ಲ.

ಭಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೆತ್ತನೆಯ ಮನುಷ್ಯ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕ ಒಂದು ದಿನ ಕಲಿಸಲು ಹೋಗಿದ್ದಳಂತೆ. ಆ ಸಂಜೆ ಇಬ್ಬರೂ ಕೂತು ಮಾತಾಡಿ, ಸಂಸಾರ ಉಳಿಯಬೇಕಾದರೆ ಒಬ್ಬರು ನಡೆದುಕೊಂಡು ಓಡಾಡುವುದೇ ಮೇಲು ಎಂದು ತೀರ್ಮಾನಿಸಿದರಂತೆ.

ಹೀಗೆ ನಡೆಯುತ್ತಿದ್ದ ಮನೆಗೆ ಒಂದು ಭಾನುವಾರ ಮಧ್ಯಾಹ್ನ ಬೀಗರು ಬಂದರು. ಅಕ್ಕನ ಮಗಳ ಮಾವ. ಊರಿನ ಆಚೆ ತುದಿಯಲ್ಲಿ ನಲ್ಲಿ, ಶವರು, ಬೇಸಿನ್ನುಗಳನ್ನು ಮಾರುವ ದೊಡ್ಡ ಅಂಗಡಿ ಇಟ್ಟವರು. ಬೀಗರು ಎಂದರೆ ಬೀಗುವವರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇವರನ್ನು ನೋಡಿಯೇ ಇರಬೇಕು ಅನ್ನಿಸುತ್ತಿತ್ತು, ಅಜ್ಜಿ ಇವರು ಗಂಟುಬೀಳುವುದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದರೂ. ಅವತ್ತು ಅವರಿಗಿಂತ ಮುಂಚೆ ಅವರ ಸದ್ದು ಬಂತು. ಕಿಟಕಿಯ ಗಾಜು ಅದುರಿತು. ಹೊರಗೆ ಹೋಗಿ ನೋಡಿದರೆ, ಉರಿಬಿಸಿಲಿನಲ್ಲಿ ಕಪ್ಪು ತೊಗಲಿನ ಜಾಕೀಟು, ಮೊಣಕಾಲುದ್ದದ ಬೂಟು, ಬೆರಳಿಲ್ಲದ ಗ್ಲೌಸು ತೊಟ್ಟ ಬೀಗರು ಉದ್ದನೆಯ ಮೋಟರ್ ಸೈಕಲ್ಲಿನ ಮೇಲೆ ಒರಗಿಕೊಂಡಿದ್ದರು. ಕೂತಿದ್ದರು ಎನ್ನಲಾಗದು. ಸೀಟು ಮೊಣಕಾಲಿನ ಎತ್ತರಕ್ಕಿತ್ತು, ಕಾಲು ಮುಂದಕ್ಕೆ ಚಾಚಿದ್ದವು, ಕೈ ಎದೆಯ ಮಟ್ಟಕ್ಕೆ ಎದ್ದಿದ್ದವು, ಹೊಟ್ಟೆ ಟ್ಯಾಂಕಿನ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಇದೇನು ಬೀಗರೇ, ಆರಾಮ ಕುರ್ಚಿಗೆ ಚಕ್ರ ಹಾಕಿಸಿದ್ದೀರಾ?" ಎಂದಳು ಅಕ್ಕ.

"ಕ್ರೂಸರ್ ಬೀಗಿತ್ತಿಯವ್ರೇ, ಕ್ರೂಸರ್" ಎಂದು ಅವರು ಟ್ಯಾಂಕಿನ ಮೇಲಿದ್ದ ಹದ್ದಿನ ಗುರುತನ್ನು ಕರವಸ್ತ್ರದಿಂದ ಒರೆಸಿದರು. ಆಮೇಲೆ ಕಾಫಿ ಆರಿಹೋಗುವವರೆಗೆ ನಮಗೆ ಪಾಠವಾಯಿತು. ಕ್ರೂಸರ್ ಎಂದರೆ ದೂರ ಹೋಗುವವರ ಗಾಡಿ. ಅದರಲ್ಲಿ ಮೂರು ಬ್ರ್ಯಾಂಡು ಮಾತ್ರ ಹೆಸರು ಹೇಳುವಂಥವು. ಕೋಟೆ ಗುರುತಿನದು ಅಪ್ಪಂದಿರ ಕಾಲದ್ದು. ಜಿಂಕೆ ಗುರುತಿನದು ಹೊಸಬರಿಗೆ, ಹೆಂಗಸರಿಗೆ. ಗಂಡಸು ಕೊಳ್ಳಬೇಕಾದ್ದು ಹದ್ದು. ಇಂಜಿನ್ನು ಸಾವಿರ ಸಿಸಿ ದಾಟದಿದ್ದರೆ ಅದು ಗಾಡಿಯೇ ಅಲ್ಲ, ಮಿಕ್ಸಿ. ತಾವು ವಾರವಾರವೂ ಗೆಳೆಯರ ಜೊತೆ ಬೆಟ್ಟದ ರಸ್ತೆಗೆ ಹೋಗುವುದುಂಟು. ಗಾಳಿಗೆ ಎದೆಕೊಟ್ಟು ಹೋಗುವಾಗ ಮನುಷ್ಯನಿಗೆ ತಾನು ಯಾರೆಂದು ಗೊತ್ತಾಗುತ್ತದೆ.

ಇಷ್ಟು ಕಾಲ ಅಂಗಡಿಯ ಬೋರ್ಡು ನೋಡಿದರೂ ಗೊತ್ತಾಗಿರಲಿಲ್ಲವೇ ಎಂದು ನನಗೆ ಕೇಳಬೇಕೆನಿಸಿತು.

ಅಕ್ಕ ಸೆರಗು ಸಿಕ್ಕಿಸಿಕೊಂಡು, "ಕೊಡಿ ಕೀ. ಈ ಬೀದಿ ತುದಿವರೆಗೆ ಹೋಗಿ ಬರ್ತೀನಿ" ಎಂದಳು.

ಬೀಗರು ನಕ್ಕರು. "ಅಯ್ಯೋ, ಬೇಡಿ ಬೀಗಿತ್ತಿಯವ್ರೇ. ಇದು ಪಕ್ಕದ ಸೀಟಲ್ಲಿ ಕೂತು ಬ್ರೇಕ್ ಒತ್ತೋ ಗಾಡಿ ಅಲ್ಲ."

ಭಾವ ಕಾಫಿ ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ನಾನು ಅಕ್ಕನ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದ ದಿನ ನಮ್ಮ ಮನೆಯಲ್ಲಿ ಅದೊಂದೇ.

ಬೀಗರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮೀಟರ್ ರೀಡರ್ ಆಗಿದ್ದ ನಮ್ಮಪ್ಪನ ಹತ್ತಿರ ಒಂದು ಹಳೆಯ ಭಾರೀ ಮೋಟರ್ ಸೈಕಲ್ ಇತ್ತು. ಕಾಲೇಜಿಗೆ ಹೋಗುವ ಕಾಲದಲ್ಲೇ ಅಕ್ಕ ಅದನ್ನು ಒದ್ದು ಸ್ಟಾರ್ಟ್ ಮಾಡುತ್ತಿದ್ದಳು. ನಾನು ಹಿಂದೆ ಕೂತು ಅವಳ ಜಡೆ ಹಿಡಿದುಕೊಳ್ಳುತ್ತಿದ್ದೆ. ಊರ ಹೊರಗಿನ ಇಟ್ಟಿಗೆ ಭಟ್ಟಿಗಳ ತನಕ ಹೋಗಿ, ಯಾಕೆ ಹೋದೆವೆಂಬುದಕ್ಕೆ ಕಾರಣವೇ ಇಲ್ಲದೆ ವಾಪಸು ಬರುತ್ತಿದ್ದೆವು. ಅಪ್ಪ ಸತ್ತ ಮೇಲೆ ಗಾಡಿ ಗುಜರಿಗೆ ಹೋಯಿತು. ಆಮೇಲೆ ಅಕ್ಕ ಯಾವ ಎರಡು ಚಕ್ರದ ಗಾಡಿಯ ಬಗ್ಗೆಯೂ ಒಂದು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಮಾರನೆಯ ದಿನ ಬೆಳಗ್ಗೆ ಅವಳು, "ನಾನೊಂದು ಕ್ರೂಸರ್ ತಗೋತೀನಿ" ಎಂದಳು.

"ಯಾಕೆ?" ಎಂದರು ಭಾವ.

"ಬೇಕು."

ಅಲ್ಲಿಗೆ ಸಂಸಾರದ ಚರ್ಚೆ ಮುಗಿಯಿತು.

ಮೂವರೂ ಮೊದಲು ಹೋದದ್ದು ಕೋಟೆ ಗುರುತಿನ ಶೋರೂಮಿಗೆ. ಟೈ ಕಟ್ಟಿದ ಸೇಲ್ಸ್‌ಮನ್ ಓಡಿಬಂದು ನೇರವಾಗಿ ಭಾವನ ಎದುರು ನಿಂತ. "ಸಾರ್, ಮೈಲೇಜು ನೋಡ್ತಿದ್ದೀರಾ, ಪವರ್ ನೋಡ್ತಿದ್ದೀರಾ?"

"ನಾನು ಫ್ಯಾನ್ ಎಲ್ಲಿದೆ ಅಂತ ನೋಡ್ತಿದ್ದೀನಪ್ಪ. ಗಾಡಿ ಅವರಿಗೆ."

ಆತ ಅಕ್ಕನ ಕಡೆ ತಿರುಗಿ ಒಂದು ಗಳಿಗೆ ಯೋಚಿಸಿ, "ಹಿಂದಿನ ಸೀಟು ತುಂಬಾ ಮೆತ್ತಗಿದೆ ಮೇಡಂ, ಲಾಂಗ್ ಹೋದ್ರೂ ಬೆನ್ನು ನೋಯಲ್ಲ" ಎಂದ.

ಅಕ್ಕ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಹಿಂದಿನ ಸೀಟಲ್ಲಿ ನಿನ್ನನ್ನ ಕೂರಿಸಿಕೊಂಡು ಹೋಗ್ತೀನಿ. ಆಗ ಬೆನ್ನಿನ ವಿಷಯ ನೀನೇ ಹೇಳು. ಈ ಮೂರು ಗಾಡಿಗೂ ಏನು ವ್ಯತ್ಯಾಸ?"

ಅಲ್ಲಿ ಒಂದೇ ಗಾಡಿ ಮೂರು ಸೈಜಿನಲ್ಲಿತ್ತು, ಅಂಗಡಿಯಲ್ಲಿ ಬನಿಯನ್ ಇರುವ ಹಾಗೆ. ಆತ ಕೈಯಲ್ಲಿದ್ದ ಟ್ಯಾಬ್ ಒತ್ತುತ್ತಾ ಚಿಕ್ಕದು ಮುನ್ನೂರೈವತ್ತು ಸಿಸಿ, ದೊಡ್ಡದು ಆರುನೂರೈವತ್ತು ಎಂದು ಓದಿದ. ತೂಕ ಎಷ್ಟು ಎಂದರೆ ಟ್ಯಾಬ್ ಹುಡುಕಿದ. ತಿರುಗಲು ಎಷ್ಟು ಜಾಗ ಬೇಕು ಎಂದರೆ ಮ್ಯಾನೇಜರನ್ನು ಹುಡುಕಿದ. ಮ್ಯಾನೇಜರು ಬಂದು, ಈ ತಿಂಗಳು ಕೊಂಡರೆ ಒಂದು ಜಾಕೀಟು ಉಚಿತ ಎಂದ. ಅಕ್ಕ ಹೊರಗೆ ನಡೆದಳು. "ಹಳೇ ಕಾಲದ ಗಾಡಿಯಂತೆ. ಅಪ್ಪನ ಗಾಡಿಯ ಒಂದು ಬೋಲ್ಟಿಗೂ ಸಮ ಇಲ್ಲ. ಟ್ಯಾಂಕಿಗೆ ಹಳೇ ನಮೂನೆ ಬಣ್ಣ ಬಳಿದ ಮಾತ್ರಕ್ಕೆ ಮುದುಕ ಆಗ್ಬಿಡುತ್ತಾ?"

ಎರಡನೆಯದು ಜಿಂಕೆ ಗುರುತಿನವರದು. ಕಿರಿದಾದ ಅಂಗಡಿ, ಪಕ್ಕದಲ್ಲೇ ಟೈರಿನ ಗೋದಾಮು, ರಬ್ಬರಿನ ವಾಸನೆ. ಅಲ್ಲಿದ್ದವನು ಬಡಕಲು ಮನುಷ್ಯ, ಅಂದು ಆಗಲೇ ಬಹಳ ಜನರ ಹತ್ತಿರ ಮಾತಾಡಿ ದಣಿದಂತಿದ್ದ. ಜಾಕೀಟು, ಗಾಳಿ, ಗಂಡಸುತನ ಯಾವುದರ ಮಾತನ್ನೂ ಎತ್ತದೆ, ಇದ್ದುದರಲ್ಲಿ ಚಿಕ್ಕ ಗಾಡಿಯನ್ನು ತೋರಿಸಿ, "ಕೂತು ನೋಡಿ ಮೇಡಂ" ಎಂದ.

ಅಕ್ಕ ಕೂತಳು. ಎರಡು ಪಾದಗಳೂ ನೆಲಕ್ಕೆ ಪೂರ್ತಿ ಊರಿದವು. ಕೈ ತಾನಾಗಿ ಹ್ಯಾಂಡಲ್ಲಿಗೆ ಹೋಯಿತು. ಟೈರಿನ ಗೋದಾಮನ್ನು ಸುತ್ತಿ ಒಂದು ರೌಂಡು ಹೋಗಿಬಂದಳು. ಬರುವಾಗ ಅವಳ ಮುಖದಲ್ಲಿ ಇಟ್ಟಿಗೆ ಭಟ್ಟಿಯ ದಿನಗಳ ನಗುವಿತ್ತು. ನಾನು ನೋಡಿದ್ದನ್ನು ನೋಡಿ ಅದನ್ನು ಒಳಗೆ ನುಂಗಿಕೊಂಡಳು.

"ನಿಮಗೆ ಇದು ಸರಿಯಾದ ಸೈಜು ಮೇಡಂ. ಟ್ರಾಫಿಕ್ಕಲ್ಲಿ ಕಾಲು ಸುಡಲ್ಲ. ಬಿದ್ರೂ ಎತ್ತೋದು ಸುಲಭ."

"ಬಿದ್ರೆ ಅಂತ ಯಾಕೆ ಅಂದ್ರಿ?"

"ಹೊಸದ್ರಲ್ಲಿ ಎಲ್ಲರೂ ಒಂದ್ಸಲ ಬೀಳಿಸ್ತಾರೆ ಮೇಡಂ."

"ಆ ಎಲ್ಲರಿಗೂ ಪಾಠ ಹೇಳಿಕೊಡೋಳು ನಾನು."

ಅಲ್ಲಿಗಾದರೂ ಆತ ಬಾಯಿ ಮುಚ್ಚಬೇಕಿತ್ತು. ಪಾಪ, ಒಳ್ಳೆಯದಾಗಲೆಂದೇ ಇನ್ನೊಂದು ಮಾತು ಸೇರಿಸಿದ. "ಲೇಡೀಸ್ ಎಲ್ಲ ಇದನ್ನೇ ತಗೊಂಡು ಹೋಗ್ತಾರೆ ಮೇಡಂ."

ಅಕ್ಕ ಗಾಡಿಯಿಂದ ಇಳಿದ ರಭಸಕ್ಕೆ ಸ್ಟ್ಯಾಂಡು ಕಿರುಗುಟ್ಟಿತು. ಆಟೋದಲ್ಲಿ ಕೂತ ಮೇಲೆ, "ಸೈಕಲ್ಲಿನ ಹಾಗಿದೆ. ಹಾಲು ಹಾಕೋರಿಗೆ ಚೆನ್ನ" ಎಂದಳು. ಭಾವ ನನ್ನ ಕಡೆ ನೋಡಿದರು. ನಾನು ರಸ್ತೆ ನೋಡಿದೆ.

ಹದ್ದಿನ ಶೋರೂಮು ಗಾಡಿ ಮಾರುವ ಜಾಗವೋ, ಬಟ್ಟೆ ಅಂಗಡಿಯೋ ತಿಳಿಯುವಂತಿರಲಿಲ್ಲ. ಅರ್ಧ ಕೋಣೆಯ ತುಂಬ ಹದ್ದಿನ ಚಿತ್ರದ ಬನಿಯನ್ನು, ಬೆಲ್ಟು, ಕಾಫಿ ಕಪ್ಪು, ಮಗುವಿನ ಟೋಪಿ. ನೆಲಕ್ಕೆ ರತ್ನಗಂಬಳಿ. ಗಡ್ಡ ಬಿಟ್ಟು, ತೋಳಿಗೆ ಹಚ್ಚೆ ಹಾಕಿಸಿಕೊಂಡವನೊಬ್ಬ ನಮ್ಮನ್ನು ಸೋಫಾದಲ್ಲಿ ಮುಳುಗಿಸಿ, ದನಿ ತಗ್ಗಿಸಿ, "ಮೊದಲು ಹೇಳಿ ಮೇಡಂ, ನಿಮ್ಮ ಕನಸೇನು?" ಎಂದು ಕೇಳಿದ.

"ಮಲಗಿದಾಗ ಬೀಳೋದಾ? ಅದರಲ್ಲಿ ಸಾಮಾನ್ಯವಾಗಿ ಯಾರಾದ್ರೂ ಕ್ಲಚ್ ಒತ್ತದೆ ಗೇರ್ ಹಾಕ್ತಿರ್ತಾರೆ" ಎಂದಳು ಅಕ್ಕ.

ಆತ ನಗುವುದೋ ಬೇಡವೋ ತಿಳಿಯದೆ, ಈ ಬ್ರ್ಯಾಂಡು ಕೊಂಡವರು ಗಿರಾಕಿಗಳಲ್ಲ, ಒಂದು ಕುಟುಂಬ ಎಂದು ಶುರುಮಾಡಿದ. ಅಕ್ಕ ಕೈ ಎತ್ತಿ ತಡೆದಳು. "ಕುಟುಂಬ ನನಗೆ ಇದ್ದದ್ದೇ ಜಾಸ್ತಿ. ನಲ್ಲಿ ಅಂಗಡಿಯೋರು ನಮ್ಮ ಬೀಗರು. ಅವರು ತಗೊಂಡದ್ದು ಯಾವುದು?"

ಆತ ತೋರಿಸಿದ.

"ಅದಕ್ಕಿಂತ ದೊಡ್ಡದು?"

ಆತನ ಕಣ್ಣು ಅರಳಿದವು. ಪರದೆ ಸರಿಸಿದ ಹಾಗೆ ಪಕ್ಕಕ್ಕೆ ಸರಿದು ನಿಂತ. ಹಿಂದೆ ಕಪ್ಪಗೆ, ಮಿರಿಮಿರಿ ಮಿಂಚುತ್ತಾ, ಕೊಬ್ಬಿದ ಕೋಣದಂಥ ಗಾಡಿಯೊಂದು ನಿಂತಿತ್ತು. ಅಕ್ಕ ಅದರ ಮೇಲೆ ಕೂತಾಗ ಸೀಟಿನ ಅಗಲಕ್ಕೆ ಕಾಲು ಕವಲಾಗಿ ಬರೀ ಬೆರಳ ತುದಿ ನೆಲ ಮುಟ್ಟಿತು. ಮುಂದಿನ ಪೆಡಲ್ಲಿಗೆ ಕಾಲು ಎಟುಕಿಸಲು ಸೊಂಟವನ್ನು ಸ್ವಲ್ಪ ಜಾರಿಸಬೇಕಾಯಿತು. ಶೋರೂಮಿನ ಹಿಂದೆ ಅಳತೆಪಟ್ಟಿ ಇಟ್ಟು ಎಳೆದಂಥ ನೇರ ರಸ್ತೆಯಿತ್ತು. ಅದರಲ್ಲಿ ಹೋಗಿ, ತುದಿಯ ವಿಶಾಲವಾದ ವೃತ್ತ ಸುತ್ತಿ ಬಂದಳು. ನೇರ ರಸ್ತೆಯಲ್ಲಿ ಕೋಣವೂ ನೇರವಾಗಿಯೇ ಹೋಗುತ್ತದೆ. ಗಡ್ಡದವನು ಚಪ್ಪಾಳೆ ತಟ್ಟಿದ. ಅವಳ ಜಾಗದಲ್ಲಿ ಒಬ್ಬ ವಿದ್ಯಾರ್ಥಿ ಇದ್ದಿದ್ದರೆ, ಕಾಲು ನೆಲಕ್ಕೆ ಊರದ ಗಾಡಿ ಹತ್ತಬೇಡ ಎಂದು ಅಕ್ಕನೇ ಕಿವಿ ಹಿಂಡುತ್ತಿದ್ದಳು.

"ಮೂಗಿಗಿಂತ ಮೂಗುತಿ ಭಾರ ಆಗಲ್ವಾ?" ಎಂದರು ಭಾವ, ಮನೆಗೆ ಬರುವ ದಾರಿಯಲ್ಲಿ.

"ಮೂಗು ನಂದು" ಎಂದಳು.

ಗಾಡಿ ಬಂತು. ಬಂದ ದಿನವೇ ಗೊತ್ತಾದ ಮೊದಲ ಸಂಗತಿ, ನಮ್ಮ ಅಂಗಳ ಗೇಟಿನಿಂದ ಮನೆಯ ಕಡೆಗೆ ಇಳಿಜಾರು ಎಂಬುದು. ಇಷ್ಟು ವರ್ಷ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಒಳಗೆ ತರುವಾಗ ಗಾಡಿ ಸಲೀಸಾಗಿ ಬಂತು. ಹೊರಗೆ ತೆಗೆಯಬೇಕಾದರೆ ಹಿಮ್ಮುಖವಾಗಿ ಏರು ಹತ್ತಿಸಬೇಕು. ಅಂಗಳದಲ್ಲಿ ತಿರುಗಿಸಲು ಜಾಗವಿಲ್ಲ, ಅಷ್ಟು ಉದ್ದ ಅದು. ಹೀಗಾಗಿ ಪ್ರತಿ ಬೆಳಗ್ಗೆ ಭಾವ ಹಿಂದಿನ ಮಡ್‌ಗಾರ್ಡು ಹಿಡಿದು ಎಳೆಯುವುದು, ನಾನು ಮುಂದಿನಿಂದ ದೂಡುವುದು, ಅಕ್ಕ ಮೇಲೆ ಕೂತು ಕಾಲ ತುದಿಯಿಂದ ನೆಲ ಗೀರುತ್ತಾ, "ಒಂದೇ ಸಮ ದೂಡೇ, ಜೀವ ಇಲ್ವಾ?" ಎಂದು ನನಗೆ ಬೈಯುವುದು. ಎದುರು ಮನೆಯವರು ಪೇಪರು ಓದುವುದನ್ನು ಬಿಟ್ಟು ಜಗುಲಿಗೆ ಬರತೊಡಗಿದರು.

ಹೆದ್ದಾರಿಯಲ್ಲಿ ಅದು ಚೆನ್ನಾಗಿಯೇ ಹೋಗುತ್ತಿತ್ತಂತೆ. ಆದರೆ ಹೆದ್ದಾರಿ ತಲುಪಲು ಊರು ದಾಟಬೇಕಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ನಿನ ಕಾವು ತೊಡೆಗೆ ಇಸ್ತ್ರಿ ಹಾಕುತ್ತಿತ್ತು. ರಸ್ತೆಯ ಉಬ್ಬುಗಳಿಗೆ ಹೊಟ್ಟೆ ಉಜ್ಜುತ್ತಿತ್ತು. ಕ್ಲಚ್ ಹಿಡಿದು ಹಿಡಿದು ಅಕ್ಕನ ಎಡಗೈ ಸಂಜೆಯ ಹೊತ್ತಿಗೆ ಮುಷ್ಟಿ ಕಟ್ಟಲಾಗದಂತೆ ನೋಯುತ್ತಿತ್ತು. ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಹೇಗಿದೆ ಗಾಡಿ ಎಂದರೆ, "ರಾಜನ ಹಾಗಿದೆ" ಎನ್ನುತ್ತಿದ್ದಳು. ಈ ರಾಜನ ಸೇವೆಗೆ ಮನೆಮಂದಿಯೆಲ್ಲ ಬೇಕಾಗಿತ್ತು ಎಂಬುದು ಬೇರೆ ಮಾತು.

ಬೀಗರಿಗೆ ಸುದ್ದಿ ಮುಟ್ಟಿತ್ತು. ಒಂದು ಸೈಜು ದೊಡ್ಡದು ಎಂಬುದೂ ಮುಟ್ಟಿತ್ತು. ಅಕ್ಕನ ಮಗಳು ಫೋನು ಮಾಡಿ, "ಚಿಕ್ಕಮ್ಮ, ಮಾವ ಎರಡು ದಿನದಿಂದ ಯಾರ ಹತ್ರನೂ ಮಾತಾಡಿಲ್ಲ" ಎಂದಳು. ಅದನ್ನು ಅಕ್ಕನಿಗೆ ಹೇಳಿದೆ. ಆ ಸಂಜೆ ಅವಳಿಗೆ ಕೈನೋವು ಇರಲಿಲ್ಲ.

ಬಿದ್ದದ್ದು ಪರೀಕ್ಷೆಯ ಮೈದಾನದಲ್ಲಿ. ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರು ವಿದ್ಯಾರ್ಥಿಗಳನ್ನು ಓಡಿಸಿ ನೋಡುವ ಜಾಗ ಅದು. ಅವತ್ತು ನಮ್ಮ ಸ್ಕೂಲಿನವರೂ ಸಾಲಾಗಿ ನಿಂತಿದ್ದರು, ಬ್ಯಾಂಕಿನ ಕ್ಯಾಷಿಯರ್ ಕೂಡ. ಅವರ ಅರ್ಜಿಗಳನ್ನು ಹಿಡಿದುಕೊಂಡು ನಾನೂ ಹೋಗಿದ್ದೆ. ಅಕ್ಕ ಸುಮ್ಮನೆ ಕಾರಿನಲ್ಲಿ ಬರಬಹುದಿತ್ತು. ಗಾಡಿಯಲ್ಲಿ ಬಂದಳು. ಎಲ್ಲರೂ ತಿರುಗಿ ನೋಡಿದರು. ಇನ್‌ಸ್ಪೆಕ್ಟರು ಕನ್ನಡಕ ಏರಿಸಿ, "ಏನಮ್ಮ, ಜೋರಾಗಿದೆ" ಎಂದರು. ಅಷ್ಟೇ ಸಾಕಾಯಿತು. ಅಲ್ಲೇ ನಿಲ್ಲಿಸಿ ಇಳಿಯುವ ಬದಲು, ಮೈದಾನದ ಕಂಬಗಳ ನಡುವೆ ನಡಿಗೆಯ ವೇಗದಲ್ಲಿ ಒಂದು ಸುತ್ತು ತಿರುಗಿಸಿ ತೋರಿಸಲು ಹೋದಳು.

ಹ್ಯಾಂಡಲ್ ಪೂರ್ತಿ ತಿರುಗಿತ್ತು. ಗಾಡಿ ಓರೆಯಾಯಿತು. ಅವಳ ಬಲಗಾಲು ಇಷ್ಟು ವರ್ಷ ಕಾರಿನಲ್ಲಿ ಬ್ರೇಕು ಇದ್ದ ಜಾಗವನ್ನು ಒತ್ತಿತು. ಅಲ್ಲಿ ಗಾಳಿ ಇತ್ತು. ಈ ಗಾಡಿಯ ಪೆಡಲ್ಲು ಇನ್ನೊಂದು ಗೇಣು ಮುಂದೆ. ಗಾಬರಿಗೆ ಕೈ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಿತು. ಹ್ಯಾಂಡಲ್ ತಿರುಗಿದಾಗ ಮುಂದಿನ ಬ್ರೇಕು ಮುಟ್ಟಬಾರದು ಎಂದು ಎಷ್ಟು ಜನರಿಗೆ ಬೈದಿದ್ದಳೋ. ಕೋಣ ನಿಧಾನವಾಗಿ, ಬಹಳ ಘನತೆಯಿಂದ, ಮಗ್ಗುಲು ಮಲಗಿತು. ಇಂಜಿನ್ನಿನ ಪಕ್ಕಕ್ಕೆ ಗಾರ್ಡಿನ ಕಂಬಿ ಇದ್ದದ್ದರಿಂದ ಕಾಲು ಉಳಿಯಿತು. ಪಾದ ಮಾತ್ರ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತು.

ನಾನು ಓಡಿದೆ. ನನಗಿಂತ ಮುಂಚೆ ವಿದ್ಯಾರ್ಥಿಗಳು ಓಡಿದ್ದರು. ಹಲ್ಲಿನ ಡಾಕ್ಟರು ಒಂದು ಕಡೆ, ಇನ್ಯಾರೋ ಒಂದು ಕಡೆ ಹಿಡಿದು ಗಾಡಿ ಎತ್ತಿದರು. ಕ್ಯಾಷಿಯರ್ ನೆಲಕ್ಕೆ ಕೂತು ಅಕ್ಕನ ಪಾದವನ್ನು ಹೊರಕ್ಕೆಳೆದಳು. ಯಾರೂ ನಗಲಿಲ್ಲ. ಅಕ್ಕ ಧೂಳಿನಲ್ಲಿ ಕೂತೇ, "ಮೈದಾನ ಓರೆ ಇದೆ" ಎಂದಳು. ಕುಣಿಯಲಾರದವರಿಗೆ ನೆಲ ಡೊಂಕಾಗುವುದು ಹೊಸದೇನಲ್ಲ.

ಕ್ಯಾಷಿಯರ್ ಅವಳ ಮುಖ ನೋಡಿದಳು. ಮೆಲ್ಲಗೆ, ಪಾಠ ಒಪ್ಪಿಸುವ ದನಿಯಲ್ಲಿ, "ಕಣ್ಣು ಎಲ್ಲಿ ಹೋಗುತ್ತೋ ಗಾಡಿ ಅಲ್ಲಿಗೇ ಹೋಗುತ್ತೆ ಅಕ್ಕೋರೆ. ನೆಲ ನೋಡಿಬಿಟ್ರಾ?" ಎಂದಳು.

ಈಗ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಇನ್‌ಸ್ಪೆಕ್ಟರು ಮುಖ ಆಚೆ ತಿರುಗಿಸಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು. ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಅದು ಕಾಲುನೋವಿಗೋ ಏನೋ, ನಾನು ಕೇಳಲಿಲ್ಲ. ಆಸ್ಪತ್ರೆಗೆ ಹೋಗುವ ಕಾರಿನಲ್ಲಿ, "ಆ ಗೋಣಿಚೀಲ ಪಾಠನೆಲ್ಲ ಸರಿಯಾಗೇ ಕೇಳಿಸಿಕೊಂಡಿದೆ. ಮತ್ತೆ ಯಾಕೆ ಫೇಲ್ ಆಗುತ್ತೆ?" ಎಂದಳು.

"ನೀನು ಪಕ್ಕದಲ್ಲಿ ಕೂತಿರ್ತೀಯಲ್ಲ, ಅದಕ್ಕೆ" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಮುಂದಿನ ಸಲದ ಪರೀಕ್ಷೆಗೆ ಕ್ಯಾಷಿಯರನ್ನು ತಯಾರು ಮಾಡುವಾಗ ಅಕ್ಕ ಮನೆಯಲ್ಲಿ ಕಾಲು ಚಾಚಿಕೊಂಡಿದ್ದಳು, ಬಾಡಿಗೆಗೆ ತಂದ ಇನ್ನೊಬ್ಬ ಮಾಸ್ತರು ಪಾಠ ಹೇಳಿದ. ಪಾಸಾದಳು.

ಪಾದಕ್ಕೆ ಪ್ಲಾಸ್ಟರ್ ಹಾಕಿದ್ದರು. ನೋಡಲು ಬೀಗರು ಬರುತ್ತಾರೆಂದು ಗೊತ್ತಿತ್ತು. ಬರದೆ ಬಿಡುವ ಮನುಷ್ಯನೇ? ಮತ್ತೆ ಗಾಜು ಅದುರಿಸಿಕೊಂಡು, ಅದೇ ಜಾಕೀಟಿನಲ್ಲಿ, ಒಂದು ಬುಟ್ಟಿ ಹಣ್ಣಿನ ಸಮೇತ ಬಂದರು. ಬಂದು ಕೂತು, ದುಃಖ ತೋರಿಸಲು ಬಹಳ ಪ್ರಯತ್ನ ಪಟ್ಟರು. ಮೀಸೆಯ ತುದಿ ಒಪ್ಪಲಿಲ್ಲ.

"ನಾನು ಅವತ್ತೇ ಹೇಳಿದ್ದೆ ಬೀಗಿತ್ತಿಯವ್ರೇ. ಹದ್ದು ಎಲ್ಲರ ಕೈಗೂ ಬಗ್ಗಲ್ಲ. ಅದಕ್ಕೆ ಅಭ್ಯಾಸ ಬೇಕು. ನಾನು ಬೆಟ್ಟದ ತಿರುವಿನಲ್ಲಿ ಹೋಗುವಾಗ ನೋಡ್ಬೇಕು ನೀವು."

ಅಕ್ಕ ಕೇಳಿಸಿಕೊಂಡಳು. ಹಣ್ಣು ಸುಲಿದಳು. "ಹೌದಾ? ಬೆಟ್ಟದ ತಿರುವಿನಲ್ಲಿ ಗಾಡಿ ಓರೆ ಮಾಡ್ತೀರಾ?"

"ಮಾಡದೆ ಮತ್ತೆ."

"ನಿಮ್ಮ ಟೈರಿನ ಅಂಚಲ್ಲಿ ಕಾರ್ಖಾನೆಯಿಂದ ಬರುವಾಗ ಇದ್ದ ರಬ್ಬರ್ ಕೂದಲು ಹಾಗೇ ಇದೆಯಲ್ಲ ಬೀಗರೇ. ಅವತ್ತೇ ನೋಡಿದ್ದೆ. ಮಧ್ಯದಲ್ಲಿ ಮಾತ್ರ ಸವೆದಿದೆ. ಬೆಟ್ಟ ನೇರವಾಗಿದೆಯೋ ಏನೋ."

ಬೀಗರು ಅವಸರದಲ್ಲಿ ಎದ್ದರು. ಅಂಗಡಿಯಲ್ಲಿ ಕೆಲಸವಿದೆ ಎಂದರು. ಹೊರಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದರು. ನಮ್ಮ ಬೀದಿ ಅಗಲವಾದದ್ದೇನಲ್ಲ. ಕಾರಿನವರು ಮುಂದೆ ಹೋಗಿ, ಹಿಂದೆ ಬಂದು ತಿರುಗಿಸಿಕೊಳ್ಳುತ್ತಾರೆ. ಬೀಗರ ಗಾಡಿಗೆ ಹಿಂದೆ ಬರುವ ಗೇರಿಲ್ಲ. ಒಂದು ಸಲ ಹ್ಯಾಂಡಲ್ ತಿರುಗಿಸಿ ಎದುರು ಮನೆಯ ಜಗುಲಿಗೆ ಮುಂದಿನ ಚಕ್ರ ತಾಗಿಸಿದರು. ಕಾಲಿನಿಂದ ಬಾತುಕೋಳಿಯ ಹಾಗೆ ಹಿಂದಕ್ಕೆ ದಬ್ಬಿದರು. ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂತು. ಈಗ ಗಾಡಿ ರಸ್ತೆಗೆ ಅಡ್ಡವಾಗಿ, ಗೇಟಿಗೆ ಅಗಳಿ ಹಾಕಿದ ಹಾಗೆ ನಿಂತಿತು. ಆಚೆಯಿಂದ ತರಕಾರಿ ವ್ಯಾನು, ಈಚೆಯಿಂದ ಸ್ಕೂಲ್ ಬಸ್ಸು. ಹಾರ್ನು ಶುರುವಾಯಿತು. ಬೀಗರು ಒಮ್ಮೆ ವ್ಯಾನಿನ ಕಡೆ, ಒಮ್ಮೆ ಬಸ್ಸಿನ ಕಡೆ ನೋಡಿದರು.

ಅಕ್ಕ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಇನ್ನೊಂದು ಗಳಿಗೆ ನೋಡಿ ಸವಿಯುತ್ತಾಳೆ ಎಂದುಕೊಂಡೆ. ಅವಳಿಗೆ ತಡೆಯಲಾಗಲಿಲ್ಲ. ತಪ್ಪಾಗಿ ಓಡಿಸುವುದನ್ನು ಸುಮ್ಮನೆ ನೋಡುವುದು ಅವಳ ಜಾಯಮಾನದಲ್ಲೇ ಇಲ್ಲ. "ಬೀಗರೇ, ಇಂಜಿನ್ ಆಫ್ ಮಾಡಿ. ಆಫ್ ಅಂದ್ನಲ್ಲ. ಗೇರ್ ತೆಗೀರಿ. ಹ್ಯಾಂಡಲ್ ಎಡಕ್ಕೆ. ಎಡ ಯಾವುದು ಗೊತ್ತಿಲ್ವಾ? ಊಟ ಮಾಡದಿರೋ ಕೈ." ಪ್ಲಾಸ್ಟರ್ ಕಾಲಿನಲ್ಲೇ ಕುಂಟುತ್ತಾ ಗೇಟಿಗೆ ಬಂದಳು. "ನೀವು ಹಿಂದಿನಿಂದ ಎಳೀರಿ" ಎಂದು ಭಾವನಿಗೆ, "ನೀನು ಮುಂದೆ ಹೋಗೇ" ಎಂದು ನನಗೆ. ನಮಗಿಬ್ಬರಿಗೂ ಈ ಕೆಲಸದಲ್ಲಿ ಒಳ್ಳೆಯ ಅಭ್ಯಾಸವಾಗಿತ್ತು. ಗಾಡಿಯನ್ನು ನಮ್ಮ ಅಂಗಳಕ್ಕೆ ಇಳಿಸಿದೆವು. ಎರಡು ಹದ್ದುಗಳೂ ಪಕ್ಕಪಕ್ಕ ನಿಂತವು. ಮನೆಯೊಳಗೆ ಹೋಗಲು ನಮಗೇ ದಾರಿ ಉಳಿಯಲಿಲ್ಲ.

ಬೀಗರು ಮೆಟ್ಟಿಲ ಮೇಲೆ ಕೂತು ಜಾಕೀಟು ಬಿಚ್ಚಿದರು. ಒಳಗಿನ ಶರ್ಟು ಹಿಂಡಿದರೆ ನೀರು ಬರುವಂತಿತ್ತು. "ಬೆಟ್ಟದವರೆಗೂ ಹೋಗಿಲ್ಲ. ಬೈಪಾಸ್ ಪಕ್ಕದ ಹೋಟೆಲಿನ ತನಕ ಹೋಗ್ತೀವಿ. ಅಲ್ಲಿ ನಿಲ್ಲಿಸಿ ಕಾಫಿ ಕುಡಿದು ಬರ್ತೀವಿ. ಅದೂ ನಮ್ಮ ಅಂಗಡಿ ಡ್ರೈವರ್ ಬೈಪಾಸ್‌ವರೆಗೆ ತಂದುಕೊಟ್ರೆ. ಇಲ್ಲಿಗೂ ಬೀದಿ ತಿರುವಿನವರೆಗೆ ಅವನೇ ತಂದದ್ದು" ಎಂದರು. ಆಮೇಲೆ, "ನನಗೆ ಭಯ ಆಗುತ್ತೆ ಬೀಗಿತ್ತಿಯವ್ರೇ" ಎಂದರು.

"ಆಗ್ಲೇಬೇಕು. ಭಯ ಆಗದಿದ್ರೆ ನಿಮಗೆ ತಲೆ ಕೆಟ್ಟಿದೆ ಅಂತಿದ್ದೆ. ಇಷ್ಟು ಗಾತ್ರದ್ದು ಯಾರು ತಗೊಳ್ಳಿ ಅಂದ್ರು?"

"ಆ ಗಡ್ಡದೋನು. ಕನಸು ಏನು ಅಂತ ಕೇಳಿದ."

ಅಕ್ಕ ಅವರ ಪಕ್ಕದಲ್ಲಿ ಕೂತಳು. ಪ್ಲಾಸ್ಟರ್ ಕಾಲನ್ನು ಮುಂದಕ್ಕೆ ಚಾಚಿದಳು. ಭಾವ ಇಬ್ಬರಿಗೂ ಕಾಫಿ ತಂದುಕೊಟ್ಟು, ನಡೆದುಕೊಂಡು ಲೈಬ್ರರಿಗೆ ಹೋದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಎರಡು ಹದ್ದುಗಳೂ ಮಾರಾಟವಾದವು. ಕೊಂಡವರು ಇಬ್ಬರೂ ನಮ್ಮಕ್ಕನ, ಬೀಗರ ವಯಸ್ಸಿನವರೇ. ತನ್ನದನ್ನು ಕೊಳ್ಳಲು ಬಂದವನಿಗೆ ಅಕ್ಕ ಕಾಲು ಊರಿ ತೋರಿಸಲು ಹೇಳಿದಳು. ಆತನ ಬೆರಳ ತುದಿಯೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಬೇಡ ಎಂದು ತಿಳಿಹೇಳಿದಳು. ಆತ ಅವಳ ಮಾತಿಗೆ ಒಂದು ನಗೆ ನಕ್ಕ, ಕೀ ತೆಗೆದುಕೊಂಡ. ತಲೆ ಇರುವ ತನಕ ಕೊಂಬು ಮಾರುವವರಿಗೆ ವ್ಯಾಪಾರ ತಪ್ಪುವುದಿಲ್ಲ.

ಜಿಂಕೆ ಗುರುತಿನ ಚಿಕ್ಕ ಗಾಡಿಯನ್ನು ಅಕ್ಕ ಟೈರಿನ ಗೋದಾಮಿನ ಪಕ್ಕದ ಅಂಗಡಿಯಲ್ಲಿ ಕೊಳ್ಳಲಿಲ್ಲ. ಆ ಬಡಕಲು ಮನುಷ್ಯನ ಮುಖ ನೋಡಬೇಕಾಗುತ್ತದೆ ಎಂದು ಪಕ್ಕದ ಊರಿನ ಡೀಲರನ್ನು ಹುಡುಕಿಕೊಂಡು ಹೋದಳು. ಬೀಗರನ್ನೂ ಎಳೆದುಕೊಂಡು ಹೋದಳು. ಅವರು ಅದರ ಮೇಲಿನ ಸೈಜಿನದೊಂದರ ಕಡೆ ಕಣ್ಣು ಹಾಯಿಸಿದಾಗ, "ಬೀಗರೇ" ಎಂದಳು. ಅವರೂ ಚಿಕ್ಕದನ್ನೇ ತೆಗೆದುಕೊಂಡರು. ಬಣ್ಣ ಮಾತ್ರ ಬೇರೆ. ಅಷ್ಟು ಸ್ವಾತಂತ್ರ್ಯ ಕೊಟ್ಟಳು.

ಆಮೇಲೆ ಬೀಗರು ಅವಳ ಶಿಷ್ಯರಾದರು. ಬೆಳಗ್ಗೆ ಖಾಲಿ ಮೈದಾನದಲ್ಲಿ ಕಂಬಗಳ ನಡುವೆ ಅವರು ಎಂಟರ ಆಕಾರದಲ್ಲಿ ಸುತ್ತುವುದು, ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮಗಳ ಮಾವ ಅಂತ ಸುಮ್ಮನಿದ್ದೀನಿ" ಎನ್ನುತ್ತಾ ಒಂದು ಕ್ಷಣವೂ ಸುಮ್ಮನಿರದೆ ಬೈಯುವುದು. ಅಂಗಡಿಯಲ್ಲಿ ಮಾತಿಗೆ ಮುಂಚೆ ಮೀಸೆ ತಿರುವುತ್ತಿದ್ದವರು ಈಗ ಗಿರಾಕಿಗಳ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಾರೆ ಎಂದು ಅಕ್ಕನ ಮಗಳು ಹೇಳುತ್ತಾಳೆ. ನನಗೆ ನಂಬಿಕೆಯಿಲ್ಲ. ಜಾಕೀಟು ಇನ್ನೂ ಹಾಕುತ್ತಾರೆ.

ಕಳೆದ ತಿಂಗಳು ಇಬ್ಬರೂ ಬೆಟ್ಟಕ್ಕೆ ಹೋಗಿಬಂದರು, ನಿಜವಾದ ಬೆಟ್ಟಕ್ಕೆ. ಸಂಜೆ ಗೇಟು ತೆರೆದ ಸದ್ದಾಯಿತು. ಅಕ್ಕ ಒಬ್ಬಳೇ, ಯಾರ ಸಹಾಯವೂ ಇಲ್ಲದೆ ಗಾಡಿಯನ್ನು ಅಂಗಳಕ್ಕಿಳಿಸಿ ತಿರುಗಿಸಿ ನಿಲ್ಲಿಸಿದಳು. ಮುಖವೆಲ್ಲ ಧೂಳು, ಕೂದಲು ಹೆಲ್ಮೆಟ್ಟಿಗೆ ಅಂಟಿ ಚಪ್ಪಟೆಯಾಗಿತ್ತು.

"ಹೇಗಿತ್ತು?" ಎಂದೆ.

"ಹೇಗಿರುತ್ತೆ? ಕಲ್ಲು. ಗಾಳಿ. ಅಂಚಿಗೆ ನಿಂತು ಹಲ್ಲು ಕಿರಿದುಕೊಂಡು ಫೋಟೋ ತೆಗೆಸಿಕೊಳ್ಳೋ ಜನ. ಬೀಗರು ಪ್ರತಿ ತಿರುವಲ್ಲೂ ಸುಮ್ಮಸುಮ್ಮನೆ ಬ್ರೇಕ್ ಹಿಡೀತಾರೆ, ಹೇಳಿ ಹೇಳಿ ಗಂಟಲು ಹೋಯ್ತು. ಅದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಾ?"

ಒಳಗೆ ಹೋಗಿ ಮುಖ ತೊಳೆದು ಬಂದು ಊಟಕ್ಕೆ ಕೂತಳು. ಎರಡು ತುತ್ತು ತಿಂದ ಮೇಲೆ ತಲೆ ಎತ್ತದೆ, "ಬರೋ ಭಾನುವಾರ ನೀನೂ ಬಾ. ಹಿಂದಿನ ಸೀಟು ಖಾಲಿ ಇದೆ" ಎಂದಳು.